ನಿಮಗಿದು ಗೊತ್ತೆ? ಆರೇ ರನ್‌ಗಳಲ್ಲಿ ಕೈತಪ್ಪಿದ ರಣಜಿ ಟ್ರೋಫಿ

ವಿಶ್ವವಿದ್ಯಾಲಯವೊಂದರ ಮೈದಾನದಲ್ಲಿ ನಡೆದ ರಣಜಿ ಟ್ರೋಫಿ ಫೈನಲ್ ಪಂದ್ಯವನ್ನು ಕರ್ನಾಟಕವು ಕೇವಲ 6 ರನ್‌ಗಳಿಂದ ಸೋತಿತು. 2010ರ ಜನವರಿಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಗಂಗೋತ್ರಿ ಗ್ಲೇಡ್ಸ್‌ನಲ್ಲಿ, ಮೊದಲ ಇನಿಂಗ್ಸ್‌ನಲ್ಲಿ, ಅಂದರೆ ಪ್ರತಿ ತಂಡಕ್ಕೆ ದೊರೆಯುವ ಎರಡು ಬ್ಯಾಟಿಂಗ್ ಸರದಿಗಳ ಪೈಕಿ ಮೊದಲನೆಯದರಲ್ಲಿ, ಮುಂಬೈನ 233 ರನ್‌ಗಳಿಗೆ ಪ್ರತಿಯಾಗಿ 130ಕ್ಕೇ ಕುಸಿದಿದ್ದ ಆತಿಥೇಯ ತಂಡವು, ಗೆಲುವಿಗೆ ಬೇಕಿದ್ದ 338 ರನ್‌ಗಳನ್ನು ಬೆನ್ನಟ್ಟಿ 331ಕ್ಕೆ ಎಲ್ಲ ವಿಕೆಟ್‌ಗಳನ್ನೂ ಕಳೆದುಕೊಂಡಿತು. ಈ ಹೋರಾಟದಲ್ಲಿ 144 ರನ್ ಬಾರಿಸಿದ ಮನೀಷ್ ಪಾಂಡೆ, 75 ರನ್ ಗಳಿಸಿದ ಗಣೇಶ್ ಸತೀಶ್ ಅವರೊಡನೆ ಮೂರನೆಯ ವಿಕೆಟ್‌ಗೆ 209 ರನ್ ಸೇರಿಸಿದ ಆಟವು, ಸೋಲಿನ ನಡುವೆಯೂ, ರಾಜ್ಯದ ಕ್ರಿಕೆಟ್ ಚರಿತ್ರೆಯ ಅತ್ಯುತ್ತಮ ಜೊತೆಯಾಟಗಳ ಸಾಲಿಗೆ ನಿಸ್ಸಂದೇಹವಾಗಿ ಸೇರುತ್ತದೆ. ಮುಂಬೈಗೆ ಅದು 39ನೆಯ ರಣಜಿ ಪ್ರಶಸ್ತಿಯಾಗಿತ್ತು.