ಧ್ವನಿಮುದ್ರಣದ ಕೆಲವು ಪರಿಭಾಷೆಗಳು

1902ರಲ್ಲಿ ಕಲ್ಕತ್ತೆಯಲ್ಲಿ ಗೋಹರ್ ಜಾನ್ ಗ್ರಾಮಫೋನಿನ ಕಹಳೆಯ ಮುಂದೆ ಹಾಡಿದಾಗ ರಾಗವೊಂದನ್ನು ಸುಮಾರು ಮೂರು ನಿಮಿಷಗಳಲ್ಲಿ ಮುಗಿಸಬೇಕಾಗಿತ್ತು. ಇಂದು ಆಂಟಾಪ್ ಹಿಲ್‌ನ ಕೇಂದ್ರ ಸರಕಾರಿ ವಸತಿಗಳಲ್ಲಿರುವ ಕನ್ನಡ ಕುಟುಂಬವೊಂದು ಊರಿನಿಂದ ಬಂದ ಅಜ್ಜಿಯ ಸೋಬಾನೆ ಪದಗಳನ್ನು ಗಂಟೆಗಟ್ಟಲೆ ಕಂಪ್ಯೂಟರಿನಲ್ಲಿ ಮುದ್ರಿಸಿಕೊಳ್ಳಬಹುದು. ಸಾಧನವೇನೋ ಸುಲಭವಾಯಿತು, ಆದರೆ ಪರದೆಯ ಮೇಲೆ ತೋರುವ ಪದಗಳ ಅರ್ಥವರಿಯದೆ ಮುದ್ರಣ ಕೆಟ್ಟರೆ, ಎಂಬತ್ತು ದಾಟಿದ ಅಜ್ಜಿ ಮರುವರ್ಷ ಹಾಡಿಯಾರೆಂಬ ಭರವಸೆ ಯಾರಿಗುಂಟು?

ಮೈಕ್ರೊಫೋನು ಗಾಳಿಯ ಕಂಪನವನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಆ ಏರಿಳಿತವನ್ನು ಯಂತ್ರವು ಕ್ಷಣಕ್ಷಣಕ್ಕೂ ಅಳೆದು ಅಂಕಿಯಾಗಿ ಬರೆದಿಡುತ್ತದೆ. ಈ ಒಂದೊಂದು ಅಳತೆಯೇ ‘ಸ್ಯಾಂಪಲ್’. ಅನ್ನ ಬೆಂದಿತೆ ಎಂದು ನೋಡಲು ಒಂದು ಅಗುಳು ಸಾಕು. ನಾದಕ್ಕೆ ಮಾತ್ರ ಅಷ್ಟು ಸಾಲದು. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಗ್ರಹಿಸಬಲ್ಲುದು. ಅದರ ಇಮ್ಮಡಿಗಿಂತ ಹೆಚ್ಚು ಬಾರಿ ಅಳೆದಲ್ಲದೆ ನಾದವನ್ನು ಯಥಾವತ್ತಾಗಿ ಮರಳಿ ಕಟ್ಟಲಾಗದು. ಆದಕಾರಣವೇ 1982ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕಿಗೆ ಸೆಕೆಂಡಿಗೆ 44,100 ಅಳತೆಗಳು ಗೊತ್ತಾದವು. ಚಲನಚಿತ್ರದವರು 48,000 ಬಳಸುತ್ತಾರೆ.

ಅಳೆಯುವ ಕೋಲಿನಲ್ಲಿ ಎಷ್ಟು ಗೆರೆಗಳಿವೆಯೆಂಬುದು ‘ಬಿಟ್’ ಸಂಖ್ಯೆಯಿಂದ ತಿಳಿಯುತ್ತದೆ. 16 ಬಿಟ್ಟಿನ ಕೋಲಿಗೆ 65,536 ಮೆಟ್ಟಿಲುಗಳು. 24 ಬಿಟ್ಟಿಗೆ 1,67,77,216. ಮೆಲುದನಿಯ ಹಾಡಿಗೆ 24ನ್ನೇ ಆರಿಸಿಕೊಳ್ಳುವುದು ಲೇಸು.

ಹೆಚ್ಚಿನ ಅನರ್ಥ ನಡೆಯುವುದು ‘ಗೇನ್’ ಎಂಬಲ್ಲಿ. ಇದನ್ನು ರೇಡಿಯೋದ ಧ್ವನಿಗುಂಡಿಯೆಂದೇ ಹಲವರು ಭಾವಿಸುತ್ತಾರೆ. ಹಾಗಲ್ಲ. ಧ್ವನಿಗುಂಡಿ ಕೇಳುವವನ ಅನುಕೂಲಕ್ಕೆ. ಗೇನ್ ಎಂಬುದು ಅಂಕಿಯಾಗುವ ಮೊದಲೇ ಸಂಕೇತವನ್ನು ಹಿಗ್ಗಿಸುವಂಥದು. ಇಲ್ಲಿಯ ಮಾಪಕದಲ್ಲಿ ಸೊನ್ನೆಯೇ ಮೇಲಿನ ಎಲ್ಲೆ. ಅಳತೆಗಳೆಲ್ಲ ಅದರ ಕೆಳಗೆ ಋಣಸಂಖ್ಯೆಗಳಲ್ಲಿ. ಅಜ್ಜಿ ಹಾಡಿನ ನಡುವೆ ಒಮ್ಮೆಲೇ ದನಿಯೆತ್ತಿ ಸೊನ್ನೆಯನ್ನು ದಾಟಿದರೆ ಅಲೆಯ ತಲೆ ಸಪಾಟಾಗಿ ಕತ್ತರಿಸಿಹೋಗುತ್ತದೆ. ಇದು ‘ಕ್ಲಿಪ್ಪಿಂಗ್’. ಕತ್ತರಿಸಿದ್ದನ್ನು ಊಹೆಯಿಂದ ತೇಪೆ ಹಾಕುವ ತಂತ್ರಾಂಶಗಳುಂಟು. ಹೋದ ನಾದ ಮಾತ್ರ ಹೋದದ್ದೇ. ಅತಿ ಎತ್ತರದ ದನಿಯೂ ಋಣ 12 ಡೆಸಿಬೆಲ್ಲಿನ ಆಸುಪಾಸಿನಲ್ಲಿ ನಿಲ್ಲುವಂತೆ ಇಟ್ಟುಕೊಂಡರೆ ಭಯವಿಲ್ಲ. ದನಿ ಕ್ಷೀಣವೆಂದು ಗೇನನ್ನು ಏರಿಸುತ್ತ ಹೋದರೆ ಫ್ಯಾನಿನ ಗುಂಯ್‌ಗುಟ್ಟುವಿಕೆ, ನೆರೆಮನೆಯ ಕುಕ್ಕರಿನ ಸೀಟಿ, ಗುರು ತೇಗ್ ಬಹಾದ್ದೂರ್ ನಗರದ ಕಡೆಯ ಹಾರ್ಬರ್ ರೈಲು, ಎಲ್ಲವೂ ಜೊತೆಯಲ್ಲೇ ಏರುತ್ತವೆ. ಮೈಕ್ರೊಫೋನನ್ನು ಒಂದು ಗೇಣು ಹತ್ತಿರಕ್ಕೆ ಸರಿಸುವುದೇ ಸರಿಯಾದ ಉಪಾಯ.

‘ಟ್ರ್ಯಾಕ್’ ಎಂದರೆ ಒಂದೊಂದು ದನಿಗೂ ಬೇರೆಬೇರೆಯಾಗಿ ಮೀಸಲಾದ ಸಾಲು. ಅವನ್ನು ಹದವರಿತು ಕೂಡಿಸುವುದು ‘ಮಿಕ್ಸಿಂಗ್’. ಮೊದಲೇ ಮುದ್ರಿಸಿದ ಸಾಲನ್ನು ಕೇಳುತ್ತ ಸೊಲ್ಲೆತ್ತುವ ಮಗಳಿಗೆ ತನ್ನ ದನಿಯೇ ತಡವಾಗಿ ಕೇಳಿಬಂದರೆ ಅದು ‘ಲೇಟೆನ್ಸಿ’. 1,024 ಸ್ಯಾಂಪಲ್ಲುಗಳ ಬಫರಿನಿಂದ ಸುಮಾರು 23 ಮಿಲಿಸೆಕೆಂಡಿನ ವಿಳಂಬ. 256ಕ್ಕೆ ಇಳಿಸಿದರೆ 6.

ಇನ್ನು ಸ್ವರ ತಿದ್ದುವ ಸಾಧನ. 1997ರಲ್ಲಿ ಬಂದ ಆಟೋ-ಟ್ಯೂನ್ ಈ ಜಾತಿಯಲ್ಲಿ ಪ್ರಸಿದ್ಧವಾದುದು. ಸಾಮಾನ್ಯವಾಗಿ ಇದು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿ, ಹಾಡುಗಾರನ ಸ್ವರವನ್ನು ಹತ್ತಿರದ ಮನೆಗೆ ಎಳೆದು ಕೂರಿಸುತ್ತದೆ. ಪಿಯಾನೋಗೆ ಹೊಂದುವ ಈ ಮನೆಗಳು ಕಂಪಿತಕ್ಕಾಗಲಿ ಜಾರುವಿಗಾಗಲಿ ಒಗ್ಗುವುದಿಲ್ಲ; ಸ್ವರಗಳ ನಡುವಣ ಇಳಿಜಾರು ಮೆಟ್ಟಿಲಾಗಿಬಿಡುತ್ತದೆ. ಹಳ್ಳಿಯ ಮದುವೆಯ ಹಾಡಿನಲ್ಲಿ ಅರ್ಧಕ್ಕೂ ಕಾಲಿಗೂ ನಡುವೆ ನಿಲ್ಲುವ ಸ್ವರವನ್ನು ಅಪಸ್ವರವೆಂದು ಬಗೆದು ತಿದ್ದುವುದು ಅವಿವೇಕವೇ ಸರಿ. ಮುದ್ರಣಕ್ಕೆ ಮುನ್ನ ಈ ಗುಂಡಿ ಆರಿದೆಯೆ ಎಂದು ನೋಡಿಕೊಳ್ಳತಕ್ಕದ್ದು.

ಕಾಪಿಡುವಾಗ ‘ವೇವ್’ ರೂಪದಲ್ಲಿ ಅಂಕಿಗಳೆಲ್ಲ ಉಳಿಯುತ್ತವೆ. 44,100ರ ದರದಲ್ಲಿ 16 ಬಿಟ್ಟಿನ ಎರಡು ಚಾನಲ್ಲುಗಳಿಗೆ ನಿಮಿಷವೊಂದಕ್ಕೆ 1,05,84,000 ಬೈಟುಗಳು ಬೇಕು. ‘ಎಂಪಿ3’ ಕಿವಿಗೆ ಅಷ್ಟಾಗಿ ಗೋಚರಿಸದ್ದನ್ನು ಕಳೆದು ಇದನ್ನು ಹತ್ತರಲ್ಲೊಂದಕ್ಕೆ ಇಳಿಸಬಲ್ಲುದು, ಕಳೆದುದು ಮರಳದು. ಬಂಧುಗಳಿಗೆ ಕಳಿಸಲು ಎಂಪಿ3 ಸಾಕು. ವೇವ್ ಪ್ರತಿಯನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ, ಹಾಡಿದವರ ಹೆಸರು, ಊರು, ದಿನಾಂಕಗಳೊಡನೆ ಇಡಬೇಕು.