ಮೀನುಗಾರರ ದೋಣಿಯಲ್ಲಿ ಸಂಸಾರಸಮೇತ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಭೀಮೆ ಅಪರಿಚಿತಳಲ್ಲ. ಭೀಮಾಶಂಕರದ ಬೆಟ್ಟಗಳಲ್ಲಿ ಹುಟ್ಟಿ, ಈ ನಗರದ ಮುಳಾ-ಮುಠಾ ನದಿಗಳ ನೀರನ್ನು ಕೂಡಿಸಿಕೊಂಡು, ಉಜನಿಯ ಅಣೆಕಟ್ಟಿನಲ್ಲಿ ತಂಗಿ, ಮುಂದೆ ನಮ್ಮ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ಕೃಷ್ಣೆಯನ್ನು ಸೇರುವಳು. 1980ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನ ಹಿನ್ನೀರು ಭಿಗವಣದ ಬಳಿ ಸರೋವರದಂತೆ ಹರಡಿದೆ. ಪುಣೆಯಿಂದ ಸೋಲಾಪುರದ ಹಾದಿಯಲ್ಲಿ ಸುಮಾರು 100 ಕಿಲೋಮೀಟರು; ರೈಲು ನಿಲ್ದಾಣವೂ ಉಂಟು.

ಚಳಿಗಾಲದಲ್ಲಿ ಕುಂಭಾರಗಾಂವ, ಡಿಕಸಳ ಮೊದಲಾದ ದಂಡೆಯ ಊರುಗಳ ಮೀನುಗಾರರು ಪ್ರವಾಸಿ ಕುಟುಂಬಗಳನ್ನು ತಮ್ಮ ದೋಣಿಗಳಲ್ಲಿ ಕರೆದೊಯ್ಯುತ್ತಾರೆ. ಬಹುಮಂದಿ ಹೋಗುವುದು ಮರಾಠಿಗರು ‘ರೋಹಿತ’ವೆನ್ನುವ ಫ್ಲೆಮಿಂಗೊ ಪಕ್ಷಿಗಳನ್ನು ನೋಡಲು. ನನಗಾದರೋ ಹಕ್ಕಿಗಳಷ್ಟೇ ನೋಡತಕ್ಕದ್ದೆಂದು ತೋರುವುದು ದೋಣಿಯವನ ಕಸುಬು. ಸಂಜೆ ಇಳಿಬಿಟ್ಟ ಬಲೆಯನ್ನು ಬೆಳಗಿನಲ್ಲಿ ಎತ್ತುವುದು ವಾಡಿಕೆ. ಮೀನನ್ನು ಅಂಗಡಿಯ ಮಂಜುಗಡ್ಡೆಯ ಮೇಲೆ ಮಾತ್ರ ಕಂಡ ನಮ್ಮ ಫ್ಲ್ಯಾಟಿನ ಮಕ್ಕಳಿಗೆ ಅದು ಜೀವಂತ ಪಾಠ. ಬಲೆಯಲ್ಲಿ ರೋಹು, ಕಾಟ್ಲಾಗಳಿಗಿಂತ ಹೆಚ್ಚಾಗಿ ಕಾಣುವುದು ‘ಚಿಲಾಪಿ’, ಅಂದರೆ ನಮ್ಮ ಕಡೆಯ ಜಿಲೇಬಿ ಮೀನು. ಆಫ್ರಿಕಾ ಮೂಲದ ಈ ಮೀನು ಭಾರತಕ್ಕೆ ಬಂದುದು 1952ರಲ್ಲಿ. ತಾಯಿ ತನ್ನ ಮೊಟ್ಟೆಗಳನ್ನು ಬಾಯಿಯಲ್ಲಿಟ್ಟುಕೊಂಡೇ ಮರಿಮಾಡುವುದೆಂದರೆ ಮಕ್ಕಳು ನಂಬುವುದೇ ಇಲ್ಲ!

ಆದರೆ ಇದೇ ನೀರಿನಲ್ಲಿ 2024ರ ಮೇ 21ರ ಸಂಜೆ ಬಿರುಗಾಳಿಗೆ ಸಿಕ್ಕಿ ಪ್ರಯಾಣಿಕರ ದೋಣಿಯೊಂದು ಮಗುಚಿ 6 ಮಂದಿ ಮೃತರಾದರು. ಒಬ್ಬರು ಮಾತ್ರ ಈಜಿ ದಡ ಸೇರಿದರು. ಅದೇ ವರ್ಷದ ಜನವರಿ 18ರಂದು ವಡೋದರೆಯ ಹರಣಿ ಕೆರೆಯಲ್ಲಿ ವಿಹಾರಕ್ಕೆ ಬಂದ 12 ಶಾಲಾಮಕ್ಕಳೂ ಇಬ್ಬರು ಶಿಕ್ಷಕಿಯರೂ ಅಸುನೀಗಿದರು. ಆ ದೋಣಿಯಲ್ಲಿ ಮಿತಿಮೀರಿ ಜನರಿದ್ದರು. ಎಲ್ಲರಿಗೂ ಜೀವರಕ್ಷಕ ಜಾಕೆಟ್ ತೊಡಿಸಿರಲಿಲ್ಲ.

ಆದುದರಿಂದ ಹೊರಡುವುದಾದರೆ ಬೆಳಗಿನಲ್ಲೇ ಹೊರಡಬೇಕು. ಬೇಸಿಗೆಯಲ್ಲಿ ಮಧ್ಯಾಹ್ನ ನೆಲ ಕಾದು, ಸಂಜೆಗೆ ಮೋಡ ಕಟ್ಟಿ ಗಾಳಿ ಏಳುವುದುಂಟು. ಸಾಲದ ಅರ್ಜಿಗಳನ್ನು ನೋಡಿ ಪಳಗಿದ ನನ್ನ ಕಣ್ಣಿಗೆ, ‘ಇನ್ನಿಬ್ಬರು ಹತ್ತಲಿ’ ಎನ್ನುವವನಿಗಿಂತ ‘ಇಂದು ಬೇಡ ಸಾಹೇಬರೆ, ಗಾಳಿಯಿದೆ’ ಎನ್ನುವ ದೋಣಿಯವನೇ ಹೆಚ್ಚು ವಿಶ್ವಾಸಾರ್ಹನು. ಬಾಡಿಗೆಯ ಚೌಕಾಸಿಗೆ ಮೊದಲು ಜಾಕೆಟ್ ಕೇಳಿರಿ. ಅದನ್ನು ಆಸನವಾಗಿ ಬಳಸದೆ, ಪಟ್ಟಿ ಬಿಗಿದು ತೊಡಬೇಕು. ಮಗುವಿಗೆ ತೊಡಿಸಿದ ಮೇಲೆ ಭುಜಗಳ ಬಳಿ ಹಿಡಿದೆತ್ತಿ ನೋಡಿರಿ. ಕಿವಿಯವರೆಗೆ ಜಾರಿ ಬಂದರೆ ಅದು ದೊಡ್ಡದಾಯಿತೆಂದೇ ಅರ್ಥ. ಫೋಟೋಕ್ಕಾಗಿ ಎಲ್ಲರೂ ಒಂದೇ ಬದಿಗೆ ಎದ್ದು ನಿಲ್ಲುವುದು ಸರ್ವಥಾ ಕೂಡದು. ದೋಣಿ ಮಗುಚಿದರೆ ದೂರದ ದಡಕ್ಕೆ ಈಜಲು ಹೋಗದೆ, ತೇಲುವ ದೋಣಿಯನ್ನೇ ಹಿಡಿದಿರುವುದು ಲೇಸು.

ಮುಳುಗಿದವರನ್ನು ಮೇಲೆತ್ತಿದಾಗ ಹೊಟ್ಟೆ ಅದುಮಿ ನೀರು ಕಕ್ಕಿಸುವ, ಕಾಲು ಹಿಡಿದು ತಲೆಕೆಳಗೆ ಮಾಡುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದರಿಂದ ಅಮೂಲ್ಯ ನಿಮಿಷಗಳು ನಷ್ಟವಾಗುವುವು; ವಾಂತಿ ಶ್ವಾಸಕೋಶಕ್ಕೆ ನುಗ್ಗಲೂಬಹುದು. ಉಸಿರಾಟವಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲವನ್ನು ಮೇಲೆತ್ತಿ, ಮೂಗು ಮುಚ್ಚಿ, ಮೊದಲು ಬಾಯಿಯಿಂದ ಉಸಿರು ಊದಬೇಕು. ಬಳಿಕ ಎದೆಯ ನಡುವೆ 30 ಸಲ ಒತ್ತುವುದು, 2 ಸಲ ಊದುವುದು; ವೈದ್ಯರ ನೆರವು ಬರುವ ತನಕ ಹೀಗೆಯೇ. ಇನ್ನೊಬ್ಬರು 108ಕ್ಕೆ ಕರೆಮಾಡಲಿ. ನೀರು ಕುಡಿದ ಮಗು ಚೇತರಿಸಿಕೊಂಡು ನಗುತ್ತಿದ್ದರೂ ಆಸ್ಪತ್ರೆಗೆ ಒಯ್ಯಲೇಬೇಕು, ಏಕೆಂದರೆ ಉಸಿರಿನ ತೊಂದರೆ ಕೆಲವು ಗಂಟೆಗಳ ನಂತರ ತಲೆದೋರಬಹುದು.

ಮತ್ತೊಂದು ಮಾತು. ಪುಣೆಯ ಕೊಳೆನೀರಿನ ಒಂದು ಪಾಲು ಈ ಜಲಾಶಯಕ್ಕೇ ಬಂದು ಸೇರುತ್ತದೆ. ದೋಣಿಯಿಳಿದೊಡನೆ ಮಕ್ಕಳ ಕೈಗಳನ್ನು ಸಾಬೂನಿನಿಂದ ತೊಳೆಸಿರಿ. ಅನಂತರ ಭಿಗವಣದ ಖಾನಾವಳಿಗಳಲ್ಲಿ ಮೀನಿನ ಊಟಕ್ಕೆ ಕೂಡಬಹುದು. ಚೆನ್ನಾಗಿ ಬೆಂದುದನ್ನೇ ತಿನ್ನಿರಿ. ಮೀನು ಮುಟ್ಟದ ನಮ್ಮಂಥವರು ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು.