ಗ್ರಹಾಂ ಗ್ರೀನನ ‘ದಿ ಕಮೀಡಿಯನ್ಸ್’: ಹಾಸ್ಯರಸವಿಚಾರ

ಗ್ರಹಾಂ ಗ್ರೀನ್ ಎಂಬ ಆಂಗ್ಲ ಕಾದಂಬರೀಕಾರನು (1904–1991) 1966ರಲ್ಲಿ ‘ದಿ ಕಮೀಡಿಯನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಕರೀಬಿಯನ್ ಸಮುದ್ರದ ಹೈಟಿ ದೇಶಕ್ಕೆ ಬಂದಿಳಿದ ಕೆಲವರು ಪರದೇಶೀಯರ ಕಥೆಯೇ ಇದರ ವಸ್ತು. ಇದರಲ್ಲಿ ಕೊಲೆಗಳು ನಡೆಯುತ್ತವೆ. ಆದರೂ ಓದುವವನಿಗೆ ನಗೆ ಬರುತ್ತದೆ. ಜನರು ನರಳುತ್ತಿರುವ ಎಡೆಯಲ್ಲಿ ಹುಟ್ಟುವ ಈ ನಗೆಯು ಯುಕ್ತವೇ, ಯುಕ್ತವಾದರೆ ಅದಕ್ಕೆ ಆಲಂಬನರಾದವರು ಯಾರು ಎಂಬುದನ್ನು ನಮ್ಮ ಆಲಂಕಾರಿಕರ ಮತವನ್ನನುಸರಿಸಿ ವಿಚಾರಮಾಡುವುದು ಈ ಲೇಖನದ ಉದ್ದೇಶವು.

ಮೊದಲು ದೇಶಕಾಲಗಳನ್ನು ತಿಳಿಯಬೇಕು. ಹೈಟಿಯು ಫ್ರೆಂಚರ ವಸಾಹತಾಗಿದ್ದಿತು. ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕಾಮೂಲದ ದಾಸರು ದಂಗೆಯೆದ್ದು ಗೆದ್ದು, 1804ನೆಯ ಜನವರಿ 1ರಂದು ಸ್ವಾತಂತ್ರ್ಯವನ್ನು ಸಾರಿದರು. ಸ್ವಾತಂತ್ರ್ಯವು ಬಂದರೂ ಸ್ಥೈರ್ಯವು ಬರಲಿಲ್ಲ. ಫ್ರಾನ್ಸ್ ದೇಶವು 1825ರಲ್ಲಿ ನಷ್ಟಪರಿಹಾರವೆಂದು 15 ಕೋಟಿ ಫ್ರಾಂಕುಗಳ ಹೊರೆಯನ್ನು ಹೇರಿತು. ಅಮೇರಿಕಾ ಸಂಯುಕ್ತಸಂಸ್ಥಾನಗಳ ಸೇನೆಯು 1915ರಿಂದ 1934ರವರೆಗೆ ದೇಶವನ್ನು ಆಕ್ರಮಿಸಿಕೊಂಡಿದ್ದಿತು. ವೈದ್ಯನಾದ ಫ್ರಾಂಸ್ವಾ ದುವಾಲಿಯೇ ಎಂಬವನು 1957ರಲ್ಲಿ ಅಧ್ಯಕ್ಷನಾಗಿ, 1964ರಲ್ಲಿ ಯಾವಜ್ಜೀವವೂ ತಾನೇ ಅಧ್ಯಕ್ಷನೆಂದು ಘೋಷಿಸಿಕೊಂಡು, 1971ರಲ್ಲಿ ಸಾಯುವವರೆಗೂ ಆಳಿದನು. ಇವನ ಭಟರಿಗೆ ಜನರು ‘ತೊಂತೋಂ ಮಕೂಟ್’ ಎಂದು ಹೆಸರಿಟ್ಟರು. ಹಠಮಾಡುವ ಮಕ್ಕಳನ್ನು ಜೋಳಿಗೆಯಲ್ಲಿ ಹಾಕಿಕೊಂಡು ಹೋಗುವ ಗುಮ್ಮನಿಗೆ ಅಲ್ಲಿ ಇರುವ ಹೆಸರೇ ಅದು. 1959ರಲ್ಲಿ ದುವಾಲಿಯೇಯ ಪ್ರತಿಪಕ್ಷಿಯಾಗಿದ್ದ ಕ್ಲೆಮಾಂ ಜ್ಯುಮೆಲ್‌ನ ಶವಯಾತ್ರೆಯನ್ನು ತಡೆದು ಶವಪೆಟ್ಟಿಗೆಯನ್ನೇ ಕಿತ್ತುಕೊಂಡು ಹೋದರು. ಗ್ರೀನನ ಕಥೆಯಲ್ಲಿಯೂ ಇಂತಹುದೇ ಒಂದು ಪ್ರಸಂಗವುಂಟು.

ಕಥೆಯ ಮುಖ್ಯಪಾತ್ರಗಳು ಮೂರು: ಸ್ಮಿತ್, ಜೋನ್ಸ್, ಬ್ರೌನ್. ಇಂಗ್ಲಿಷಿನಲ್ಲಿ ಇವು ಅತಿಸಾಮಾನ್ಯವಾದ ಹೆಸರುಗಳು. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಬರುವ ದೇವದತ್ತ, ಯಜ್ಞದತ್ತ, ವಿಷ್ಣುಮಿತ್ರರಂತೆ ಯಾರಿಗೆ ಬೇಕಾದರೂ ಸಲ್ಲುವಂತಹವು. ಮೂವರೂ ಒಂದೇ ಹಡಗಿನಲ್ಲಿ ಬರುತ್ತಾರೆ.

ಅನೌಚಿತ್ಯವೇ ಹಾಸ್ಯಕ್ಕೆ ಮೂಲವೆಂದೂ, ಯಾವ ರಸದ ಆಭಾಸವಾದರೂ ಹಾಸ್ಯದಲ್ಲಿ ಪರ್ಯವಸಾನವಾಗಬಹುದೆಂದೂ ಅಭಿನವಗುಪ್ತಾಚಾರ್ಯನು ‘ಅಭಿನವಭಾರತಿ’ಯಲ್ಲಿ ಪ್ರತಿಪಾದಿಸಿರುವನು. ಈ ಲಕ್ಷಣವು ಮೂವರಿಗೂ ಚೆನ್ನಾಗಿ ಅನ್ವಯಿಸುತ್ತದೆ. ಸ್ಮಿತ್ ಎಂಬ ವೃದ್ಧನು 1948ರಲ್ಲಿ ಶಾಕಾಹಾರದ ಪಕ್ಷವಾಗಿ ಅಮೇರಿಕದ ಅಧ್ಯಕ್ಷಪದವಿಗೆ ನಿಂತವನು. ಹೈಟಿಯಲ್ಲಿ ಶಾಕಾಹಾರಕೇಂದ್ರವನ್ನು ಸ್ಥಾಪಿಸಬೇಕೆಂದು ಪತ್ನೀಸಮೇತನಾಗಿ ಬಂದಿರುವನು. ಶಾಕಾಹಾರವು ನಗತಕ್ಕುದಲ್ಲ, ಹೊಟ್ಟೆಗೆ ಏನೂ ಇಲ್ಲದವರಿಗೆ ಮಾಂಸವನ್ನು ಬಿಡಿರೆಂದು ಬೋಧಿಸುವುದು ನಗತಕ್ಕುದು. ಇದು ಧರ್ಮವೀರದ ಆಭಾಸ. ಜೋನ್ಸನು ತನ್ನನ್ನು ಮೇಜರ್ ಎಂದು ಹೇಳಿಕೊಂಡು ಬರ್ಮಾ ಯುದ್ಧದಲ್ಲಿ ತಾನು ತೋರಿದ ಶೌರ್ಯವನ್ನು ಕೊಚ್ಚಿಕೊಳ್ಳುವನು; ನಿಜವಾಗಿ ಅವನು ಸೈನಿಕರ ವಿನೋದಕ್ಕಾಗಿ ಆಟಪಾಟಗಳನ್ನು ಏರ್ಪಡಿಸುತ್ತಿದ್ದವನು. ಇದು ಯುದ್ಧವೀರದ ಆಭಾಸ. ಕಥೆಯನ್ನು ಹೇಳುವ ಬ್ರೌನನು ಹೋಟೆಲಿನ ಯಜಮಾನ; ರಾಯಭಾರಿಯೊಬ್ಬನ ಹೆಂಡತಿಯಲ್ಲಿ ಆಸಕ್ತನಾಗಿ, ಇಲ್ಲದ ಅನುಮಾನಗಳಿಂದ ಕುದಿಯುವನು. ಇದು ಶೃಂಗಾರದ ಆಭಾಸ.

ಇಲ್ಲಿ ಒಂದು ಶಂಕೆಯುಂಟು. ಆಭಾಸವು ಕೊನೆಯವರೆಗೂ ಆಭಾಸವಾಗಿಯೇ ಉಳಿಯುವುದೇ? ಗ್ರೀನನ ವೈಶಿಷ್ಟ್ಯವು ಇಲ್ಲಿಯೇ ಕಾಣುತ್ತದೆ. ಬ್ರೌನನನ್ನು ಹೊಡೆಯುತ್ತಿದ್ದ ಭಟರನ್ನು ಸ್ಮಿತ್‌ನ ಹೆಂಡತಿಯು ಬರಿಯ ಮಾತಿನಿಂದಲೇ ಗದರಿಸಿ ಓಡಿಸುವಳು. ಬ್ರೌನನು ಮತ್ಸರದಿಂದ ಜೋನ್ಸನ ಬಡಾಯಿಯನ್ನೇ ಬಲೆಯಾಗಿ ಮಾಡಿ, ಅವನನ್ನು ದಂಗೆಕೋರರ ಬಳಿಗೆ ಸಾಗಿಸುವನು. ಯುದ್ಧವನ್ನೇ ಅರಿಯದ ಜೋನ್ಸನು ಅಲ್ಲಿ ತನ್ನ ಸಂಗಡಿಗರನ್ನು ನಗಿಸುತ್ತ ಅವರ ಪ್ರೀತಿಯನ್ನು ಗಳಿಸಿ, ನಡೆಯಲಾರದೆ ಹಿಂದೆ ಉಳಿದು ಪ್ರಾಣಬಿಡುವನು. ವೇಷವೇ ಸ್ವರೂಪವಾಯಿತು. ಫ್ರೆಂಚ್ ಭಾಷೆಯಲ್ಲಿ ‘ಕೊಮೆದಿಯಾಂ’ ಎಂದರೆ ವಿದೂಷಕನಲ್ಲ, ನಟ. ಆದುದರಿಂದ ಗ್ರಂಥದ ಹೆಸರನ್ನು ‘ನಗೆಗಾರರು’ ಎಂದಲ್ಲ, ‘ನಟರು’ ಎಂದು ಗ್ರಹಿಸುವುದೇ ಸಾಧು. ತನ್ನ ಪಾತ್ರದಲ್ಲಿ ತನ್ಮಯನಾದ ನಟನು ಉದ್ಧಾರವಾದನು. ಪರರ ನಟನೆಯನ್ನೆಲ್ಲ ಕಂಡುಹಿಡಿದರೂ ಯಾವುದರಲ್ಲಿಯೂ ಶ್ರದ್ಧೆಯಿಲ್ಲದ ಬ್ರೌನನು ಗಡಿ ದಾಟಿ, ನೆರೆದೇಶದಲ್ಲಿ ಶವಸಂಸ್ಕಾರದ ವ್ಯಾಪಾರಕ್ಕೆ ಸೇರಿಕೊಂಡನು. ನಗತಕ್ಕವರಲ್ಲಿ ಕಡೆಯವನು ಅವನೇ.

ಇನ್ನು ಯುಕ್ತಾಯುಕ್ತವಿಚಾರ. ಗ್ರೀನನ ನಗೆಯು ನೊಂದವರ ಮೇಲೆ ಬೀಳುವುದಿಲ್ಲ. ಭಟರ ಹಿಂಸೆಯಿಂದ ಕುಂಟನಾದ ಸೇವಕ ಜೋಸೆಫ್, ಊರನ್ನು ಬಿಡದೆ ಕೊಲೆಯಾದ ವೈದ್ಯ ಮಜಿಯೋ, ಇವರ ಬಳಿಗೆ ಬಂದಾಗ ನಗೆಯು ತಾನಾಗಿ ಅಡಗಿ ಕರುಣವು ತಲೆದೋರುತ್ತದೆ. ಬೇಕೆಂದಾಗ ಹಡಗು ಹತ್ತಬಲ್ಲ ಪರದೇಶೀಯನಿಗೆ ಮಾತ್ರ ದೇಶದ ವಿಪತ್ತು ನಾಟಕದಂತೆ ಕಂಡೀತು. ಅದೇ ಅವನು ನಗೆಗೀಡಾಗುವುದಕ್ಕೆ ಕಾರಣ. ಆದರೂ ಒಂದು ದೋಷವನ್ನು ಹೇಳಲೇಬೇಕು: ಎಲ್ಲವೂ ಬ್ರೌನನ ಕಣ್ಣಿನಿಂದಲೇ ಕಾಣುವುದರಿಂದ ದೇಶದ ಜನರು ರಂಗದ ಹಿಂಬದಿಯಲ್ಲಿಯೇ ಉಳಿದುಬಿಟ್ಟಿರುವರು.

ಈ ಹಾಸ್ಯದ ಮೊನೆ ಎಲ್ಲಿ ತಾಗಿತೆಂಬುದಕ್ಕೆ ದುವಾಲಿಯೇಯ ಸರ್ಕಾರವೇ ಸಾಕ್ಷಿಯನ್ನು ಒದಗಿಸಿತು. ಗ್ರೀನನ ಮುಖವಾಡವನ್ನು ಕಳಚುವೆವೆಂಬ ಅರ್ಥದ ಹೆಸರಿಟ್ಟು 1968ರಲ್ಲಿ ಅದು ಒಂದು ದೂಷಣಗ್ರಂಥವನ್ನು ಅಚ್ಚುಹಾಕಿಸಿತು. ಆಯುಧಗಳೆಲ್ಲವೂ ತನ್ನ ಕೈಯಲ್ಲಿದ್ದ ಪ್ರಭುತ್ವವು ಒಂದು ಕಾದಂಬರಿಗೆ ಉತ್ತರ ಹೇಳಲು ಹೊರಟುದೇ ಆ ನಗೆಯು ಲಘುವಾದುದಲ್ಲವೆಂಬುದಕ್ಕೆ ಸಾಕಾದ ಪ್ರಮಾಣವು.